ಏಳನೆಯ ಸಹಿ

ಟಿಳಕವಾಡಿ, ಬೆಳಗಾವಿ
ತಾ. 14 ನವೆಂಬರ 1927

ಪೂಜ್ಯ ಭೀಮಕ್ಕನವರಿಗೆ,

ನಿಮ್ಮ ರತ್ನಮಾಲಾಳ ನಮಸ್ಕಾರ. ನಿಮ್ಮ ಪತ್ರ ಬಂದು ಎಂಟು ದಿವಸವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಕೂಸು ಏಳುತ್ತದೆ. ಇದನ್ನೂ ಮೂರು ಸಲ ಬಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗೆ ಕಂಡರೆ ಬಯ್ಯಬೇಡಿರಿ. ಒಂದನೇ ಇಯತ್ತೆಯಲ್ಲಿ ನಿಮಗೆ ಪಾಟಿ ತೋರಿಸುವಾಗಿನ ಅಂಜಿಕೆ ಧಾರವಾಡದ ಕಾಲೇಜು ಮುಗಿಸಿ ಬಂದರೂ ಹೋಗಿಲ್ಲ.

ತಾರಾಗೆ ನಾಲ್ಕು ತಿಂಗಳು ತುಂಬಿದವು. ಅವಳು ಅತ್ತರೆ ಯಾಕೆ ಅಳುತ್ತಾಳೆಂದು ನನಗೆ ನಿದ್ದೆಯಿಲ್ಲ. ಮಲಗಿದರೆ ಯಾಕೆ ಅಳಲಿಲ್ಲವೆಂದು ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತೇನೆ. ಅತ್ತೆಯವರು ನಗುತ್ತಾರೆ. "ನಾವೂ ಹಡದೇವಿ, ಹಿಂಗ ಪರೀಕ್ಷಾ ಬರದಿಲ್ಲ" ಅನ್ನುತ್ತಾರೆ.

ಖಾನಾಪುರದ ನಿಮ್ಮ ಕನ್ಯಾಶಾಲೆಯ ಕಮಿಟಿಗೆ ನನ್ನ ಹೆಸರು ಸೂಚಿಸಿದವರು ನೀವೇ ಎಂದು ನಮ್ಮ ಯಜಮಾನರು ಹೇಳಿದರು. ಕಮಿಟಿಯಲ್ಲಿ ಒಬ್ಬ ಹೆಣ್ಣುಮಗಳಿರಬೇಕೆಂದು ಸರಕಾರದ ಕಾಗದ ಬಂದಿತ್ತಂತೆ. ಚೇರಮನ್ನರು ನಮ್ಮ ಮಾವನವರೇ. "ಹೊರಗಿನ ಹೆಣಮಗಳಿಗಿಂತ ಮನೀ ಸೊಸಿ ಬೇಷಿ" ಎಂದು ಒಪ್ಪಿದರಂತೆ. ನನ್ನನ್ನು ಯಾರೂ ಕೇಳಲಿಲ್ಲ, ಆದರೂ ಖುಷಿಯಾಯಿತು. ಕೂಸನ್ನು ಬಿಟ್ಟು ಖಾನಾಪುರಕ್ಕೆ ಸಭೆಗೆ ಬರಲು ಸದ್ಯ ಆಗದು. ಠರಾವಿನ ಪುಸ್ತಕವನ್ನು ಮಾವನವರು ಸಂಜೆಯ ಗಾಡಿಗೆ ಮನೆಗೆ ತರುತ್ತಾರೆ, ಆರು ಸಹಿಗಳ ಕೆಳಗೆ ನಾನು ಏಳನೆಯದು ಹಾಕಬೇಕು.

ಊರ ಹೊರಗಿನ ಕುರಿಹಟ್ಟಿಯಿಂದ ಒಂಬತ್ತು ಹುಡುಗಿಯರು ಸಾಲಿಗೆ ಬರುತ್ತಿದ್ದಾರೆಂದು ಬರೆದಿರಿ. ಅದೇ ಸಾಲನ್ನು ಎರಡು ಸಲ ಓದಿದೆ. ನಾನು ಕಮಿಟಿಯಲ್ಲಿ ಇರುವತನಕ ಆ ಒಂಬತ್ತು ಹೆಸರಿಗೆ ಧಕ್ಕೆ ಬರಗೊಡುವುದಿಲ್ಲ. ಇದು ನನ್ನ ಮಾತು.

ನಿಮ್ಮ ವಿದ್ಯಾರ್ಥಿನಿ,
ರತ್ನಮಾಲಾ

*

ಖಾನಾಪುರ
ತಾ. 5 ಡಿಸೆಂಬರ 1927

ಚಿ. ಸೌ. ರತ್ನಾಗೆ,

ನಿನಗೂ ನಿನ್ನ ಕೂಸಿಗೂ ಆಶೀರ್ವಾದ. ನಿನ್ನ ಮಾತನ್ನು ಗಂಟು ಹಾಕಿ ಇಟ್ಟುಕೊಂಡಿದ್ದೇನೆ.

ಈ ಹುಡುಗಿಯರು ಸುಮ್ಮನೆ ಬಂದವರಲ್ಲ. ದೀಪಾವಳಿ ಆದಮೇಲೆ ನಾನೇ ಹಟ್ಟಿಗೆ ನಾಲ್ಕು ಸಲ ಹೋದೆ. ಮಾಯಪ್ಪನೆಂಬ ಕುರುಬನ ಹೆಂಡತಿ ಭರಮವ್ವ, ಬಾಯಿ ಗಟ್ಟಿ ಹೆಣ್ಣುಮಗಳು. "ಅಕ್ಕೋರ, ನಾವು ಹೊಲಕ್ಕ ಹೋಗಬೇಕು. ಹುಡುಗಿ ಸಾಲಿಗಿ ಬಂದ್ರ ಮನ್ಯಾಗಿನ ಕೂಸು ಯಾರು ಹಿಡೀಬೇಕು, ನಿಮ್ಮ ಇನ್ಸಪೆಟ್ಟರ?" ಅಂದಳು. "ಕೂಸಿನ ಸೈತ ಕಳಸವ್ವಾ" ಅಂದುಬಿಟ್ಟೆ. ಬಾಯಿಂದ ಬಂದ ಮೇಲೆ ಹಿಂದೆ ತೆಗೆಯುವ ಹಾಗಿಲ್ಲ. ಈಗ ಒಂಬತ್ತು ಹುಡುಗಿಯರು, ಬಗಲಲ್ಲಿ ಒಂಬತ್ತು ಕೂಸುಗಳು. ಭರಮವ್ವನ ಮಗಳು ನಿಂಗವ್ವ, ತಮ್ಮ ಹುಟ್ಟುವ ಮುಂಚೆ ಎರಡು ವರ್ಷ ಸಾಲಿ ಕಲಿತು ಬಿಟ್ಟವಳು, ಅವನ ಒಂದು ಕಾಲನ್ನು ಎಡಗೈಯಲ್ಲಿ ಹಿಡಿದುಕೊಂಡೇ ಬಲಗೈಯಲ್ಲಿ ಪಾಠ ಬರೆಯುತ್ತಾಳೆ. ಅವನು ಪಾಟಿಯ ಮೇಲೆ ಉಚ್ಚೆ ಹೊಯ್ದರೆ ಒರೆಸಿ ಮತ್ತೆ ಮೊದಲಿಂದ ಬರೆಯುತ್ತಾಳೆ. ಇಂಥ ಹುಡುಗಿ ನನ್ನ ಇಪ್ಪತ್ತು ವರ್ಷದಲ್ಲಿ ಒಬ್ಬಳೇ ಸಿಕ್ಕಿದ್ದಳು, ಅವಳ ಹೆಸರು ರತ್ನಾ.

ಆದರೆ ಪೇಟೆಯ ಮಂದಿಗೆ ಇದು ಸೇರುತ್ತಿಲ್ಲ. ಅರಿವೆ ಅಂಗಡಿಯ ಬಸಯ್ಯನವರು ನಿಮ್ಮ ಕಮಿಟಿಯವರೇ. ಮೊನ್ನೆ ಬಾಗಿಲಲ್ಲಿ ನಿಂತು ಮೂಗು ಹಿಡಿದು "ಇದು ಸಾಲಿ ಏನ್ರಿ ಅಕ್ಕೋರ, ಕೂಸಿನ ಸಂತಿ ಏನ್ರಿ?" ಅಂದರು. ಹದಿನೆಂಟರ ಸಭೆಗೆ ಏನೋ ತರುತ್ತಾರೆಂದು ಸುದ್ದಿ. ನಾನು ಪಗಾರದ ಹೆಂಗಸು, ಕರೆದಾಗ ಒಳಗೆ ಹೋಗಬೇಕು, ಕೇಳಿದ್ದಕ್ಕೆ ಹೇಳಿ ಹೊರಗೆ ಬರಬೇಕು. ಮಾತಾಡಲು ನೀನಿದ್ದೀ.

ನಿನ್ನ ಭೀಮಕ್ಕ

*

ಕನ್ಯಾಶಾಲೆ, ಖಾನಾಪುರ
ತಾ. 3 ಜನೆವರಿ 1928

ಕಮಿಟಿ ಸದಸ್ಯೆ ಸೌ. ರತ್ನಮಾಲಾಬಾಯಿಯವರಿಗೆ,

ತಾ. 18 ಡಿಸೆಂಬರದ ಸಭೆಯ ನಾಲ್ಕನೇ ಠರಾವಿನ ನಕಲನ್ನು ತಮ್ಮ ಅವಗಾಹನೆಗೆ ಕಳಿಸಿದ್ದೇನೆ.

"ಶಾಲೆಯ ಕಟ್ಟಡದ ಒಳಗೆ ಕೈಗೂಸುಗಳನ್ನು ತರಕೂಡದು. ತರುವ ಹುಡುಗಿಯರ ಹೆಸರನ್ನು ಹಾಜರಿಯಿಂದ ತೆಗೆಯತಕ್ಕದ್ದು. ಈ ನಿಯಮವು ಶಾಲೆಗೆ ಬರುವ ಎಲ್ಲರಿಗೂ ಲಾಗೂ ಇರತಕ್ಕದ್ದು. ಸರ್ವಾನುಮತದಿಂದ ಪಾಸು."

ಹುಕುಮಿನ ಪ್ರಕಾರ ಒಂಬತ್ತು ಹೆಸರುಗಳ ಮೇಲೆ ನಾನೇ ಕೆಂಪು ಗೆರೆ ಎಳೆದಿದ್ದೇನೆ. ಠರಾವಿನ ಕೆಳಗೆ ಏಳು ಸಹಿಗಳಿವೆ. ಏಳನೆಯದು ತಮ್ಮದು. ಆ ಅಕ್ಷರ ನನಗೆ ಗುರ್ತಿದೆ. ತಿದ್ದಿಸಿದವಳು ನಾನು.

ತಮ್ಮ ನಮ್ರ,
ಭೀಮಕ್ಕ, ಮುಖ್ಯಾಧ್ಯಾಪಿಕೆ

*

ಟಿಳಕವಾಡಿ, ಬೆಳಗಾವಿ
ತಾ. 6 ಜನೆವರಿ 1928

ಭೀಮಕ್ಕನವರೇ,

ನಾನು ಅದನ್ನು ಓದಿರಲಿಲ್ಲ.

ಇಷ್ಟು ಬರೆದು ಎರಡು ದಿನ ಕಾಗದ ಮಡಚಿಟ್ಟಿದ್ದೆ. ಓದಿರಲಿಲ್ಲವೆಂಬುದು ಓದಿ ಸಹಿ ಮಾಡಿದ್ದಕ್ಕಿಂತ ಹೆಚ್ಚಿನ ತಪ್ಪೋ ಕಡಿಮೆಯ ತಪ್ಪೋ ತಿಳಿಯದೆ.

ಅಂದು ರವಿವಾರ ಮಾವನವರು ಸಂಜೆಯ ಗಾಡಿ ಇಳಿದು ಬಂದಾಗ ಬಿಸಿಲು ಎದುರು ಮನೆಯ ಮಾಳಿಗೆ ಏರಿತ್ತು. ನಮ್ಮ ನೇಮ ನಿಮಗೆ ಗೊತ್ತಿದೆ, ಹೊತ್ತು ಮುಳುಗಿದ ಮೇಲೆ ನಮ್ಮ ಜೈನರ ಮನೆಯಲ್ಲಿ ಅನ್ನ ಮುಟ್ಟುವುದಿಲ್ಲ. ಮುಂಜಾನೆ ಹೋದವರು ದಾರಿಯಲ್ಲಿ ಏನೂ ಉಂಡಿರಲಿಲ್ಲ. ಪುಸ್ತಕ ತಿರುಗಿ ಬಂದು ಪೆಟ್ಟಿಗೆಗೆ ಕೀಲಿ ಬಿದ್ದ ಹೊರತು ಅವರು ತಾಟಿಗೆ ಕೂಡುವವರಲ್ಲ. ಕೈಕಾಲು ತೊಳೆದುಕೊಂಡು ನಡುಮನೆಯಲ್ಲಿ ನಿಂತಿದ್ದರು.

ಅತ್ತೆಯವರು ಪುಸ್ತಕವನ್ನು ಒಳಗೆ ತಂದರು. "ಲಗೂ ಮಾಡವ್ವಾ. ಹೊತ್ತು ಮುಳುಗಿದರ ಮಾವ ನಾಳೀತನಕ ಉಪಾಸ" ಅಂದರು. ತಾರಾ ಮೊಲೆಯಲ್ಲಿದ್ದಳು. ಒತ್ತೊತ್ತಾಗಿ ಬರೆದ ಎರಡು ಪುಟ. ಸಭೆಗೆ ಏನೋ ತರುತ್ತಾರೆಂದು ನೀವು ಬರೆದದ್ದು ನೆನಪಿತ್ತು. ಓದುತ್ತ ಕೂತರೆ ಅವರ ಊಟ ತಪ್ಪುತ್ತದೆ. ಓದಬೇಕೆಂದು ಕೇಳಿದರೆ ಮಾವನವರನ್ನು ನಂಬಲಿಲ್ಲವೆಂದಾಗುತ್ತದೆ. ಕಿಡಕಿಯ ಬೆಳಕು ಕೆಂಪಗಾಗುತ್ತಿತ್ತು. ಆರು ಸಹಿಗಳ ಕೆಳಗೆ ಜಾಗ ಖಾಲಿಯಿತ್ತು. ತುಂಬಿದೆ.

ಮಾವನವರು ಸಮಾಧಾನದಿಂದ ಉಂಡರು. "ಸೊಸಿ ಶಾಣ್ಯಾಕಿ" ಎಂದು ಅತ್ತೆಯವರಿಗೆ ಹೇಳಿದ್ದು ನನಗೆ ಕೇಳಿಸಿತು. ಹೇಳಲು ನಾಚಿಕೆಯಾಗುತ್ತದೆ, ಆ ದಿನ ನನಗೆ ಹಿತವೆನಿಸಿತ್ತು.

ಇವರನ್ನು ಕೇಳಿದೆ, ಹೇಗೂ ವಕೀಲರು. "ಓದಿಲ್ಲ ಅಂದ್ರ ಯಾ ಕೋರ್ಟಿನ್ಯಾಗೂ ನಡಿಯೂದಿಲ್ಲ. ಬಿ.ಎ. ಆದಾಕಿ ಓದದ ಸಹಿ ಮಾಡಿದ್ಲು ಅಂದ್ರ ಯಾರು ನಂಬತಾರ?" ಎಂದು ಟೋಪಿ ಹಾಕಿಕೊಂಡು ಹೋದರು. ಈ ಪತ್ರವನ್ನೂ ಟಪಾಲಿಗೆ ಹಾಕುವವರು ಅವರೇ.

ನನ್ನನ್ನು ಏನು ಬೇಕಾದರೂ ಅನ್ನಿರಿ. "ತಾವು" ಅನ್ನಬೇಡಿರಿ.

ರತ್ನಾ

*

ಕುರಿಹಟ್ಟಿ, ಖಾನಾಪುರ
ತಾ. 22 ಜನೆವರಿ 1928

ಟಿಳಕವಾಡಿ ರತ್ನಮಾಲಾ ಬಾಯಾರಿಗೆ,

ಮಾಯಪ್ಪನ ಹೇಣ್ತಿ ಭರಮವ್ವ ಹೇಳಿ ಬರಸೂದು. ಬರಿಯಾಕಿ ನನ್ನ ಮಗಳು ನಿಂಗವ್ವ. ನಿಮ್ಮ ವಿಳಾಸ ಅಕ್ಕೋರು ಕೊಟ್ಟರು. ಮತ್ತೇನೂ ಹೇಳಲಿಲ್ಲ.

ನೀವೂ ಸಹಿ ಮಾಡೀರಿ ಅಂತ, ನೀವೂ ಹಾಲೂಡೂ ತಾಯಿ ಅಂತ ಪ್ಯಾಟ್ಯಾಗ ಕೇಳೇನಿ. ಒಂದು ಕೇಳೂದೈತಿ. ಆ ಸಹಿ ಮಾಡೂ ಮುಂದ ನಿಮ್ಮ ಕೂಸು ಯಾರ ಹಂತ್ಯಾಕ ಇತ್ತು? ಅದನ್ನ ಹೊರಗ ಇಟ್ಟು ಮಾಡಿದ್ರೇನು?

(ಅವ್ವಗ ಸಿಟ್ಟ ಬಂದೈತ್ರಿ. ಹೇಳಿದ್ದಷ್ಟ ನಾ ಬರಿಯಾಕತ್ತೇನಿ. — ನಿಂಗವ್ವ)

ನನ್ನ ಗಂಡ ಅಂತಾನು, ಬಿಡ ಆಕಿನ್ನ, ಕುರಿ ಹಿಂದ ಹೋಗಲಿ, ಕುರಿ ಏನ ಠರಾವ ಮಾಡೂದಿಲ್ಲ. ನಾ ಬಿಡಾಕಿ ಅಲ್ಲ. ಯಾರರ ಕಾಗದ ತಂದು ಹೆಬ್ಬಟ್ಟ ಒತ್ತು ಅಂದ್ರ ನಾವು ಒತ್ತೂದು. ಏನ ಬರದೈತ್ರೀ ಅಂದ್ರ, ನಿನಗ್ಯಾಕ ಬೇಕ ಒತ್ತು, ಹೊತ್ತಾತು ಅಂತಾರು. ನನ್ನ ಮಗಳಿಗಿ ಯಾರೂ ಹಂಗ ಅನಬಾರದು. ಅದಕ್ಕ ಸಾಲಿ ಬೇಕಾಗೇತಿ. ಮತ್ಯಾತಕ್ಕೂ ಅಲ್ಲ.

ನಮ್ಮ ಹುಡುಗ್ಯಾರನ್ನ ತಗದ್ರಲ್ಲಾ, ಆ ಕಾಗದದಾಗ ಏನೈತಿ ಅಂತ ನಮಗ ಯಾರೂ ಓದಿ ಹೇಳಿಲ್ಲ. ಅಕ್ಕೋರನ್ನ ಕೇಳಿದ್ರ, ನನಗ ಹೇಳೂ ಹುಕುಂ ಇಲ್ಲವ್ವಾ ಅಂತ ಮಾರಿ ತಿರುವಿದ್ರು. ಸಹಿ ಮಾಡಿದವರು ನೀವು. ನೀವ ಬಂದು ಓದಿ ಹೇಳ್ರಿ. ಕೂಸಿನ್ನ ಕರಕೊಂಡ ಬರ್ರಿ. ನಮ್ಮ ಕಡೆ ಕೂಸಿಗಿ ಬ್ಯಾಡ ಅನ್ನೂದಿಲ್ಲ.

ಭರಮವ್ವ

(ಬಾಯಾರ, ನನ್ನ ಪಾಟಿ ಸಾಲ್ಯಾಗ ಉಳಿದೈತ್ರಿ. — ನಿಂಗವ್ವ)

*

ಟಿಳಕವಾಡಿ, ಬೆಳಗಾವಿ
ತಾ. 12 ಫೆಬ್ರವರಿ 1928

ಭೀಮಕ್ಕನವರಿಗೆ,

ನೀವು ಉತ್ತರ ಬರೆಯಲಿಲ್ಲ. ಬರೆಯದಿದ್ದರೂ ನನಗೆ ಹೇಳುವುದಿದೆ.

ಠರಾವು ತಿರುಗಿ ತೆಗೆದುಕೊಳ್ಳಬೇಕೆಂದು ಕಮಿಟಿಗೆ ಅರ್ಜಿ ಬರೆದೆ. ಬರೆದು ಅತ್ತೆಯವರ ಕೈಯಲ್ಲಿ ಕೊಟ್ಟೆ. ಅವರು ಮಾವನವರ ತಾಟಿನ ಬಾಜು ಇಟ್ಟರು. ಮಾವನವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚಲೋ ಇತ್ತು. ಅತ್ತೆಯವರ ಕಡೆ ನೋಡಿ ನನಗೆ ಕೇಳುವಂತೆ ಹೇಳಿದರು: "ಹತ್ತೊಂಬತ್ತಕ್ಕ ಹಿಂದಿನ ಠರಾವು ಕಾಯಂ ಮಾಡೂ ಸಭಾ ಐತಿ. ಖುಷಾಲ ಬರಲಿ, ಹೇಳೂದು ಹೇಳಲಿ. ಕೂಸಿನ ಮಾತ್ರ ತರೂಹಂಗಿಲ್ಲ. ಸಭಾ ಸಾಲಿಯೊಳಗ ಆಗತೈತಿ. ನಿಯಮ ಎಲ್ಲಾರಿಗೂ ಒಂದ. ಆಕೀನ ಸಹಿ ಮಾಡ್ಯಾಳ."

ಪರೀಕ್ಷೆ ಮಾಡಿ ನೋಡಿದೆ. ಮುಂಜಾನೆ ಬಸದಿಗೆ ಹೋಗಿ ಬರುವಷ್ಟು ಹೊತ್ತು ತಾರಾಳನ್ನು ಅತ್ತೆಯವರ ಹತ್ತಿರ ಬಿಟ್ಟೆ. ಒಳಲೆಯಲ್ಲಿ ಆಕಳ ಹಾಲು ಕುಡಿಸಹೋದರೆ ಒಂದು ಹನಿ ಇಳಿಸಲಿಲ್ಲ. ನಾನು ಬರುವಷ್ಟರಲ್ಲಿ ಅತ್ತೂ ಅತ್ತೂ ತುಟಿ ನೀಲಿಯಾಗಿದ್ದವು. ಖಾನಾಪುರಕ್ಕೆಂದರೆ ಇಡೀ ದಿನ.

ಅವಳನ್ನು ಬಿಟ್ಟು ಬಂದರೆ ಅವಳು ಉಳಿಯುವುದಿಲ್ಲ, ಕರೆದುಕೊಂಡು ಬಂದರೆ ನಾನು ಒಳಗೆ ಬರುವಂತಿಲ್ಲ. ಆ ಹುಡುಗಿಯರಿಗೆ ಹಾಕಿದ ಚಿಲಕ ನನಗೂ ಬಿದ್ದಿದೆ. ಹಾಕಿದವಳೂ ನಾನೇ.

ಬರುತ್ತೇನೆ. ಕೂಸಿನ ಸಮೇತ. ಸಾಲಿಯ ಹೊರಗಿನ ಕಟ್ಟೆಯ ಮೇಲೆ ಕೂಡುತ್ತೇನೆ. ಇವರಿಗೆ ಹೇಳಿದೆ. "ನಾ ನಡುವ ಬರೂದಿಲ್ಲ" ಅಂದರು. ಭರಮವ್ವನಿಗೆ ಹೇಳಿರಿ. ಹೇಳುವ ಹುಕುಂ ಇಲ್ಲದಿದ್ದರೆ ನಿಂಗವ್ವನಿಗೆ ಈ ಪತ್ರ ಕೊಡಿರಿ, ಅವಳೇ ಓದಲಿ.

ರತ್ನಾ

*

ಟಿಳಕವಾಡಿ, ಬೆಳಗಾವಿ
ತಾ. 23 ಫೆಬ್ರವರಿ 1928

ಭೀಮಕ್ಕನವರಿಗೆ,

ನೀವು ಒಳಗೆ ಗೋಡೆಗೆ ಆತು ನಿಂತಿದ್ದಿರಿ. ಕಿಡಕಿಯಿಂದ ನನಗೆ ನಿಮ್ಮ ಅರ್ಧ ಮುಖ ಕಂಡಿತು. ಹೊರಗೆ ಆದದ್ದು ನಿಮಗೆ ಕಂಡಿರಲಿಕ್ಕಿಲ್ಲ.

ನಾನು ಹುಣಸೆ ಗಿಡದ ಕಟ್ಟೆಯ ಮೇಲೆ ಕೂತಾಗ ಹಟ್ಟಿಯ ಹೆಂಗಸರೆಲ್ಲ ದೂರ ನಿಂತಿದ್ದರು. ತಾರಾ ಅಳಲು ಸುರುಮಾಡಿದಳು. ಸೆರಗು ಮುಚ್ಚಿ ಕುಡಿಸಹೋದರೆ ಮೊಣಕೈಗೆ ಆಸರೆಯಿಲ್ಲದೆ ಅವಳಿಗೆ ಸಿಗಲಿಲ್ಲ. ಆಗ ಒಬ್ಬಳು ಬಂದು ನನ್ನ ಮೊಣಕೈ ಕೆಳಗೆ ಕಂಬಳಿ ಮಡಚಿ ಇಟ್ಟಳು. "ಹಿಂಗ ಹಿಡೀರಿ. ಕಾಲೇಜಿನ್ಯಾಗ ಇದನ್ನ ಕಲಿಸಲಿಲ್ಲೇನು?" ಅಂದಳು. ಅವಳೇ ಭರಮವ್ವ. ಹೆಂಗಸರು ನಕ್ಕರು. ನಾನೂ ನಕ್ಕೆ, ನಕ್ಕು ಅತ್ತುಬಿಟ್ಟೆ.

ಠರಾವು ಕಾಯಂ ಮಾಡಿ ಬಸಯ್ಯನವರು ಕಿಡಕಿಯಿಂದ ಪುಸ್ತಕವನ್ನು ಹೊರಗೆ ಚಾಚಿದರು. ಹಿಂದಿನಿಂದ ಮಾವನವರ ದನಿ: "ಸಹಿ ಮಾಡವ್ವಾ. ಗಾಡಿ ಹೊತ್ತಾತು." ಮಾವನವರು ನನ್ನೊಡನೆ ನೇರವಾಗಿ ಮಾತಾಡಿದ್ದು ಅದೇ ಮೊದಲು.

ನಾನು ಗಟ್ಟಿಯಾಗಿ ಓದಿದೆ. ತಾರೀಖಿನಿಂದ ಹಿಡಿದು, ಹಾಜರಿದ್ದವರ ಹೆಸರು ಹಿಡಿದು. ಮಾವನವರ ಹೆಸರನ್ನು ನಾನು ಬಾಯಲ್ಲಿ ಆಡಿದ್ದೂ ಅದೇ ಮೊದಲು. ಒಳಗೆ ಯಾರೋ ಕೆಮ್ಮಿದರು. ನಾಲ್ಕನೇ ಠರಾವು ಮುಗಿಸಿದಾಗ ಭರಮವ್ವ "ಇನ್ನೊಮ್ಮೆ ಓದ್ರಿ" ಅಂದಳು. ಓದಿದೆ. "ಕಟ್ಟಡದ ಒಳಗ ಅಂತ ಐತೇನು?" "ಐತಿ." "ಹೊರಗ ಅಂತ ಐತೇನು?" "ಇಲ್ಲ." ಅವಳು ಹುಣಸೆ ಗಿಡದ ಟೊಂಗೆಗಳನ್ನು ಒಂದೊಂದೇ ನೋಡತೊಡಗಿದಳು. ಅವಳ ಅತ್ತೆ ಫಕೀರವ್ವ, ಆ ಕಣ್ಣು ಮಂಜಾದ ಮುದುಕಿ, "ನನಗ ಕಾಣೂದಿಲ್ಲ ಖರೇ, ಕೂಸು ತೂಗಾಕ ಕಣ್ಣ್ಯಾಕ ಬೇಕು?" ಅಂದಳು. ಆಮೇಲೆ ಅವರು ನನ್ನನ್ನು ಮರೆತು ತಮ್ಮತಮ್ಮಲ್ಲಿ ಪಾಳಿ ಹಚ್ಚಲು ಸುರುಮಾಡಿದರು, ಸೋಮವಾರ ಯಾರು ಹೊಲ ಬಿಟ್ಟು ಮುದುಕಿಯ ಜೋಡಿ ಕೂಡಬೇಕು, ಮಂಗಳವಾರ ಯಾರು ಎಂದು.

ನಾನು ಸಹಿ ಮಾಡಲಿಲ್ಲ. "ಇದಕ್ಕೆ ನನ್ನ ಸಮ್ಮತಿ ಇಲ್ಲ" ಎಂದು ಬರೆದು ಪುಸ್ತಕವನ್ನು ಕಿಡಕಿಯೊಳಗೆ ಕೊಟ್ಟೆ. ಆರು ಮಂದಿಯ ಮುಂದೆ ಒಂದು. ಠರಾವು ಕಾಯಂ ಆಯಿತು.

ಗಾಡಿಯಲ್ಲಿ ಮಾವನವರು ಎದುರಿಗೆ ಕೂತಿದ್ದರು. ದೇಸೂರ ಠೇಶನ್ ಬಿಟ್ಟ ಮೇಲೆ ಕಿಡಕಿಯ ಹೊರಗೆ ನೋಡುತ್ತ "ಇನ್ನ ಖಾನಾಪುರದ ಕೆಲಸ ಮುಗೀತು" ಅಂದರು. ಕಮಿಟಿಯ ಕೆಲಸ ಅಂದರೋ ನನ್ನ ಬರುವ ಹೋಗುವ ಕೆಲಸ ಅಂದರೋ, ಕೇಳುವ ಧೈರ್ಯವಾಗಲಿಲ್ಲ.

ರತ್ನಾ

*

ಖಾನಾಪುರ
ತಾ. 18 ಮಾರ್ಚ 1928

ರತ್ನಾ,

ಹುಣಸೆ ಗಿಡಕ್ಕೆ ಒಂಬತ್ತು ಜೋಳಿಗೆ ತೊಟ್ಟಿಲು ಬಿದ್ದಿವೆ. ಹಳೇ ಸೀರೆಯವು, ಎರಡು ಕಂಬಳಿಯವು. ಫಕೀರವ್ವ ಒಂದೇ ಹಗ್ಗಕ್ಕೆ ಮೂರು ಕಟ್ಟಿ ತೂಗುತ್ತಾಳೆ. ದಿನಾ ಒಬ್ಬ ತಾಯಿ ಹೊಲ ತಪ್ಪಿಸಿ ಅವಳ ಜೊತೆ ಕೂಡುತ್ತಾಳೆ. ಅವರಿಗೆ ಅದು ಸಣ್ಣ ಮಾತಲ್ಲ, ಆದರೆ ಒಬ್ಬಳೂ ಪಾಳಿ ತಪ್ಪಿಸಿಲ್ಲ. ಹುಡುಗಿಯರು ಬರಿಗೈಯಲ್ಲಿ ಒಳಗೆ ಬಂದು ನಿಂತರು. ಠರಾವಿನಂತೆ ನನಗೆ ಬೇಡವೆನ್ನಲು ಕಾರಣ ಉಳಿಯಲಿಲ್ಲ. ಒಂಬತ್ತೂ ಹೆಸರು ಕರಿ ಮಸಿಯಲ್ಲಿ ಹೊಸದಾಗಿ ಬರೆದೆ.

ಬಸಯ್ಯನವರು ಬಂದು ಗಿಡ ನೋಡಿದರು, ಠರಾವಿನ ನಕಲು ನೋಡಿದರು, ಮತ್ತೆ ಗಿಡ ನೋಡಿದರು. "ಒಂದ ಕೂಸು ಕೆಳಗ ಬಿದ್ದರ ನೋಡ್ರಿ ಅಕ್ಕೋರ" ಎಂದು ಹೋದರು.

ನಿಂಗವ್ವ ಪಾಟಿ ಹಿಡಿದಾಗ ಎಡಗೈಯನ್ನು ಏನು ಮಾಡಬೇಕೋ ಅವಳಿಗೆ ತಿಳಿಯುತ್ತಿಲ್ಲ. ಬೆನ್ನ ಹಿಂದೆ ಇಟ್ಟುಕೊಂಡು ಬರೆಯುತ್ತಾಳೆ.

ನಿನಗೆ "ತಾವು" ಎಂದು ಬರೆದ ಕೈ ಈ ಎರಡು ತಿಂಗಳು ಉತ್ತರ ಬರೆಯಲು ಏಳಲಿಲ್ಲ. ಸಿಟ್ಟಿಗಲ್ಲ. ಕೆಂಪು ಗೆರೆ ಎಳೆದದ್ದೂ ಇದೇ ಕೈ ಅಲ್ಲವೇ.

ಭರಮವ್ವ ಹತ್ತನೆಯ ಜೋಳಿಗೆ ಕಟ್ಟಿದ್ದಾಳೆ. ಯಾರದೆಂದು ಕೇಳಿದರೆ "ಟಿಳಕವಾಡಿದು" ಅನ್ನುತ್ತಾಳೆ.

ನಿನ್ನ ಭೀಮಕ್ಕ

*

ಟಿಳಕವಾಡಿ, ಬೆಳಗಾವಿ
ತಾ. 9 ಎಪ್ರಿಲ 1928

ಪೂಜ್ಯ ಭೀಮಕ್ಕನವರಿಗೆ,

ಈ ಲಕೋಟೆಯನ್ನು ನಾನು ಅಂಟಿಸಿಲ್ಲ. ಇವರು ಟಪಾಲಿಗೆ ಹಾಕುವ ಮುಂಚೆ ಓದಬೇಕೆನಿಸಿದರೆ ಓದಲಿ.

ಹತ್ತನೆಯ ಜೋಳಿಗೆಯನ್ನು ಬೇರೆ ಕೂಸಿಗೆ ಕೊಡಲು ಭರಮವ್ವನಿಗೆ ಹೇಳಿರಿ. ನನಗೆ ಬರಲು ಆಗುವುದಿಲ್ಲ. ಖಾನಾಪುರಕ್ಕಷ್ಟೇ ಅಲ್ಲ, ಈಗ ಬಸದಿಗೂ ಅತ್ತೆಯವರ ಜೊತೆಗೇ ಹೋಗಬೇಕು. ಯಾರೂ ಬೇಡವೆಂದಿಲ್ಲ. ಹೊರಡುವಾಗ ಅವರೂ ಹೊರಡುತ್ತಾರೆ, ಅಷ್ಟೆ. ತಾರಾಗೆ ಎರಡು ಹಲ್ಲು ಬಂದಿವೆ. ನನಗೆ ನಿದ್ದೆ ಇನ್ನೂ ಬಂದಿಲ್ಲ.

ನಿನ್ನೆ ರವಿವಾರ ಮಾವನವರು ಸಂಜೆಯ ಗಾಡಿಗೆ ಬಂದರು. ಕೈಕಾಲು ತೊಳೆದುಕೊಂಡು, ಪುಸ್ತಕವನ್ನು ಅತ್ತೆಯವರ ಕೈಯಲ್ಲಿ ಕೊಡದೆ ತಾವೇ ಬಾಗಿಲಿಗೆ ತಂದರು. "ಕಡೀ ಸಹಿ. ಮಾಡಿಬಿಡು" ಅಂದರು. ತಾಟುಗಳು ಹಾಕಿದ್ದವು. ಬಿಸಿಲು ಎದುರು ಮಾಳಿಗೆ ಏರಿತ್ತು.

ಹೆಗಲ ಮೇಲೆ ತಾರಾ, ತಲೆಯ ಮೇಲೆ ಸೆರಗು. ನಾನು ನಿಂತೇ ಪುಸ್ತಕ ತೆಗೆದೆ. ಕಡೆಯ ಪುಟವನ್ನಲ್ಲ, ನನ್ನ ಹೆಸರು ಮೊದಲ ಸಲ ಬಂದ ನವೆಂಬರದ ಪುಟವನ್ನು. ನೀವು ಕಲಿಸಿದ ಹಾಗೆ ಒಂದೊಂದು ಅಕ್ಷರದ ಕೆಳಗೆ ಬೆರಳಿಟ್ಟು ಮನಸ್ಸಿನಲ್ಲಿ ಓದುತ್ತ ಬಂದೆ. "ರತ್ನಾ, ಹೊತ್ತು..." ಅಂದರು ಅತ್ತೆಯವರು. ಡಿಸೆಂಬರ ಓದಿದೆ. "ಅವ್ವಾ, ಅವರು ಮುಂಜಾನಿಂದ..." ಅಂದರು. ಫೆಬ್ರವರಿ ಓದಿದೆ. ಮಾವನವರು ಸಾಕು ಅನ್ನಲಿಲ್ಲ. ನಾನೂ ತಲೆ ಎತ್ತಲಿಲ್ಲ.

ಕಡೆಯ ಪುಟದಲ್ಲಿ ಹೀಗಿತ್ತು: "ಸದಸ್ಯೆ ಸೌ. ರತ್ನಮಾಲಾಬಾಯಿಯವರು ಮೂರು ಸಭೆಗಳಿಗೆ ಗೈರುಹಾಜರಿದ್ದಾರೆ. ತಾ. 19 ಫೆಬ್ರವರಿಯಂದು ಅವರು ಬಂದಿದ್ದರೂ ಶಾಲೆಯ ಕಟ್ಟಡದ ಒಳಗೆ ಇರಲಿಲ್ಲವಾದ್ದರಿಂದ ಅದನ್ನೂ ಗೈರು ಹಿಡಿದಿದೆ. ಈ ಕಾರಣದಿಂದ ಅವರ ಹೆಸರನ್ನು ಕಮಿಟಿಯಿಂದ ತೆಗೆಯಲಾಗಿದೆ."

ಅದನ್ನು ಎರಡು ಸಲ ಓದಿದೆ. ಆಮೇಲೆ ಅಕ್ಷರ ಕಾಣದಾಯಿತು. ದೀಪ ಹಚ್ಚಿರೆಂದು ಕೇಳಿದೆ. ಅತ್ತೆಯವರು ಹಚ್ಚಿ ತಂದು ಹಿಡಿದರು. ಆ ಬೆಳಕಿನಲ್ಲಿ ಆರು ಸಹಿಗಳ ಕೆಳಗೆ ನನ್ನ ಹೆಸರು ಬರೆದೆ. ಹೆಸರಿನ ಮುಂದೆ "ಓದಿ ಸಹಿ ಮಾಡಿದ್ದೇನೆ" ಎಂದು ಬರೆದು, ಮಸಿ ಆರುವವರೆಗೆ ಊದಿ, ಪುಸ್ತಕವನ್ನು ಎರಡೂ ಕೈಯಿಂದ ಮಾವನವರಿಗೆ ಕೊಟ್ಟೆ.

ಅವರು ಕಿಡಕಿಯ ಕಡೆ ನೋಡಿದರು. ಪೆಟ್ಟಿಗೆಗೆ ಕೀಲಿ ಹಾಕಿದರು. ಅತ್ತೆಯವರು ಭಕ್ರಿಯ ಬುಟ್ಟಿ ಮುಚ್ಚಿ, ಹಾಕಿದ ತಾಟುಗಳನ್ನು ಹಾಗೇ ಎತ್ತಿಟ್ಟರು.

ನಿನ್ನೆ ನಮ್ಮ ಮನೆಯಲ್ಲಿ ಯಾರೂ ಉಣ್ಣಲಿಲ್ಲ.

ನಿಮ್ಮ
ರತ್ನಾ